ಮೆಟ್ಟಿಲು, ಷಟಲ್, ಸೈಕಲ್: ಅರವತ್ತೆಂಟರಲ್ಲಿ ಯಾವುದನ್ನು ಬಿಡಬೇಕು?

ಪ್ರಶ್ನೆ: ನಾನು ಮೈಸೂರಿನಲ್ಲಿ ನೆಲೆಸಿರುವ 68 ವರ್ಷದ ನಿವೃತ್ತ ಶಿಕ್ಷಕ. ವಾರದಲ್ಲಿ ಮೂರು ದಿನ ಬಡಾವಣೆಯ ಸಿಮೆಂಟ್ ಅಂಕಣದಲ್ಲಿ ಷಟಲ್ ಆಡುತ್ತೇನೆ. ಭಾನುವಾರ ಗೆಳೆಯರೊಡನೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಎರಡು ತಿಂಗಳಿಂದ ಸೈಕಲ್ ತುಳಿಯುವುದನ್ನೂ ಆರಂಭಿಸಿದ್ದೇನೆ. ರಕ್ತದೊತ್ತಡಕ್ಕೂ ಸಕ್ಕರೆ ಕಾಯಿಲೆಗೂ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಈಚೆಗೆ ಬೆಟ್ಟದಿಂದ ಬಂದ ಮರುದಿನ ಬಲ ಮಂಡಿಚಿಪ್ಪಿನ ಸುತ್ತ ನೋವು ಕಾಣಿಸುತ್ತಿದೆ. ‘ಈ ವಯಸ್ಸಿಗೆ ವಾಕಿಂಗ್ ಒಂದೇ ಸಾಕು’ ಎಂದು ಮಕ್ಕಳು ಒತ್ತಾಯಿಸುತ್ತಿದ್ದಾರೆ. ಒಂದನ್ನೇ ಉಳಿಸಿಕೊಳ್ಳಬೇಕೆಂದರೆ ಯಾವುದು?

ಉತ್ತರ: ಸದ್ಯಕ್ಕೆ ನೀವು ಬಿಡಬೇಕಾದದ್ದು ಮೂರು ಆಟಗಳಲ್ಲಿ ಯಾವುದನ್ನೂ ಅಲ್ಲ, ಬೆಟ್ಟದ ಇಳಿತವನ್ನು ಮಾತ್ರ. ಹತ್ತುವಾಗ ದುಡಿಯುವುದು ಮುಖ್ಯವಾಗಿ ಹೃದಯ, ಶ್ವಾಸಕೋಶ ಮತ್ತು ಪೃಷ್ಠದ ಸ್ನಾಯುಗಳು. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕಾಗುತ್ತದೆ, ಮಂಡಿಚಿಪ್ಪಿನ ಹಿಂಭಾಗದ ಒತ್ತಡವೂ ಹೆಚ್ಚುತ್ತದೆ. ಸಾವಿರದಷ್ಟು ಮೆಟ್ಟಿಲುಗಳಲ್ಲಿ ಇದು ಒಂದೊಂದು ಹೆಜ್ಜೆಗೂ ಮರುಕಳಿಸುವುದರಿಂದ ಅಂದು ಏನೂ ಅನ್ನಿಸದಿದ್ದರೂ ಮರುದಿನ ನೋವು ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಆರು ವಾರಗಳ ಕಾಲ ಮೆಟ್ಟಿಲಲ್ಲಿ ಹತ್ತಿ, ನಗರ ಸಾರಿಗೆ ಬಸ್ಸಿನಲ್ಲಿ ಇಳಿದು ಬನ್ನಿ. ನೋವು ತಗ್ಗಿದ ಮೇಲೆ ಬೆಟ್ಟದ ತುದಿಯಿಂದ ನಂದಿಯವರೆಗೆ ಮಾತ್ರ ಮೆಟ್ಟಿಲಲ್ಲಿ ಇಳಿಯಿರಿ. ಅಲ್ಲಿಗೆ ರಸ್ತೆ ಇರುವುದರಿಂದ ಉಳಿದ ದಾರಿಗೆ ವಾಹನ ಹಿಡಿಯಬಹುದು.

ಆದರೆ ನಿಮ್ಮ ಪತ್ರದಲ್ಲಿ ನನ್ನ ಗಮನ ಸೆಳೆದದ್ದು ಇನ್ನೊಂದು ಮಾತು. ಬೆಟ್ಟ ನಿಮಗೆ ಹಳೆಯದಿರಬಹುದು, ಸೈಕಲ್ ಹೊಸದು, ನೋವೂ ಹೊಸದು. ನಮ್ಮಲ್ಲಿ ಹಿರಿಯರು ಕುಳಿತಲ್ಲಿಂದಲೇ ಎರಡೂ ಪಾದ ನೆಲಕ್ಕೆ ಊರುವಂತೆ ಸೀಟನ್ನು ತಗ್ಗಿಸಿಕೊಳ್ಳುವುದುಂಟು. ಬೀಳುವ ಭಯಕ್ಕೆ ಅದು ಸಮಾಧಾನ ಕೊಡುತ್ತದೆ, ಮಂಡಿಗೆ ಮಾತ್ರ ಶಿಕ್ಷೆ. ಏಕೆಂದರೆ ಮಂಡಿ ಅತಿಯಾಗಿ ಮಡಿಚಿದ ಸ್ಥಿತಿಯಲ್ಲೇ ಪೆಡಲ್ ಒತ್ತಬೇಕಾಗುತ್ತದೆ. ಪೆಡಲ್ ಅತ್ಯಂತ ಕೆಳಗೆ ಬಂದಾಗ ಹಿಮ್ಮಡಿ ಅದರ ಮೇಲಿದ್ದು ಕಾಲು ಬಹುತೇಕ ನೇರವಾಗುವಷ್ಟು ಸೀಟನ್ನು ಎತ್ತರಿಸಿ, ಬಳಿಕ ಪಾದದ ಮುಂಭಾಗದಿಂದ ತುಳಿದರೆ ಮಂಡಿಯಲ್ಲಿ ಸಣ್ಣ ಬಾಗು ತಾನಾಗಿ ಉಳಿಯುತ್ತದೆ. ಒಂದೇ ದಿನದಲ್ಲಿ ಏರಿಸದೆ ವಾರಕ್ಕೊಮ್ಮೆ ಸ್ವಲ್ಪಸ್ವಲ್ಪ ಏರಿಸಿ, ಹಗುರವಾದ ಗೇರಿನಲ್ಲಿ ತುಳಿಯಿರಿ.

‘ಒಂದನ್ನೇ ಉಳಿಸಿಕೊಂಡರೆ’ ಎಂಬ ಪ್ರಶ್ನೆಗೆ ಕೆಲವರು ಡೆನ್ಮಾರ್ಕ್‌ನ ಕೋಪನ್‌ಹೇಗನ್ ನಗರದಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಅಧ್ಯಯನವನ್ನು ಮುಂದಿಡುತ್ತಾರೆ. ಸುಮಾರು 8,500 ಜನರನ್ನು 25 ವರ್ಷಗಳವರೆಗೆ ಗಮನಿಸಿದ ಆ ಅಧ್ಯಯನದಲ್ಲಿ, ಜಡ ಜೀವನ ನಡೆಸಿದವರಿಗಿಂತ ಟೆನಿಸ್ ಆಡುವವರ ಆಯಸ್ಸು 9.7 ವರ್ಷ, ಬ್ಯಾಡ್ಮಿಂಟನ್ ಆಡುವವರದು 6.2 ವರ್ಷ, ಸೈಕಲ್ ತುಳಿಯುವವರದು 3.7 ವರ್ಷ ಹೆಚ್ಚಿರುವಂತೆ ಕಂಡುಬಂದಿತು. ಈ ಅಂಕಿಗಳನ್ನು ಹಿಡಿದು ಸೈಕಲ್ಲನ್ನು ಮಾರಿಬಿಡಬೇಡಿ. ಟೆನಿಸ್ ಆಡುವವರ ಹಣಕಾಸು, ಬಿಡುವು, ಒಡನಾಟ ಎಲ್ಲವೂ ಬೇರೆಯವರಿಗಿಂತ ಭಿನ್ನವಾಗಿರಬಹುದಾದ್ದರಿಂದ ಆಟವೇ ಆಯಸ್ಸನ್ನು ಹೆಚ್ಚಿಸಿತೆಂದು ಇಂಥ ಅಧ್ಯಯನದಿಂದ ಸಾಧಿಸಲಾಗದು. ಜೊತೆಗಾರರಿಲ್ಲದೆ ಆಡಲಾಗದ ಆಟವೆಂಬುದು ಷಟಲ್‌ನ ದೊಡ್ಡ ಗುಣವೆಂದು ಮಾತ್ರ ನನಗೆ ಅನ್ನಿಸುತ್ತದೆ. ನೀವು ಒಂದು ಬೆಳಿಗ್ಗೆ ಕಾಣದಿದ್ದರೆ ಮೂವರು ಫೋನ್ ಮಾಡುತ್ತಾರೆ.

ಮೂರನ್ನೂ ಉಳಿಸಿಕೊಳ್ಳಿ ಎನ್ನಲು ನನ್ನ ಕಾರಣವೇ ಬೇರೆ. ಸೈಕಲ್ ಉಸಿರಿನ ಬಲವನ್ನು ಬೆಳೆಸುತ್ತದೆ, ಆದರೆ ದೇಹದ ಭಾರ ಸೀಟಿನ ಮೇಲಿರುವುದರಿಂದ ಮೂಳೆಗೆ ಅದರಿಂದ ಹೆಚ್ಚಿನ ಲಾಭವಿಲ್ಲ. ಆ ಕೊರತೆಯನ್ನು ಮೆಟ್ಟಿಲೂ ಷಟಲೂ ತುಂಬುತ್ತವೆ. ಪಕ್ಕಕ್ಕೆ ಹೆಜ್ಜೆಯಿಡುವುದು, ಥಟ್ಟನೆ ನಿಲ್ಲುವುದು, ತಿರುಗುವುದು ಇವುಗಳ ಅಭ್ಯಾಸ ಷಟಲ್‌ನಲ್ಲಿ ಸಿಗುವಷ್ಟು ವಾಕಿಂಗ್‌ನಲ್ಲಿ ಸಿಗದು. ಆದರೂ ನಿಮ್ಮ ವಾರದಲ್ಲಿ ಒಂದು ತೆರವಿದೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮವನ್ನಷ್ಟೇ ಅಲ್ಲ, ಕನಿಷ್ಠ ಎರಡು ದಿನ ಸ್ನಾಯುಬಲದ ವ್ಯಾಯಾಮವನ್ನೂ ಮೂರು ದಿನ ಸಮತೋಲನಕ್ಕೆ ಒತ್ತು ಕೊಡುವ ಚಟುವಟಿಕೆಯನ್ನೂ ಹೇಳುತ್ತದೆ. ಕೈ ಊರದೆ ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯಿಟ್ಟು ದಂಡ ಹೊಡೆಯುವುದು, ಅಡುಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವುದು ಇವಿಷ್ಟರಿಂದ ಆರಂಭಿಸಿದರೆ ಸಾಕು. ತೊಡೆ ಗಟ್ಟಿಯಾದಂತೆ ಇಳಿತವೂ ಸುಲಭವಾಗುತ್ತದೆ.

ಷಟಲ್ ಬಗ್ಗೆ ಒಂದು ಎಚ್ಚರಿಕೆ. ವಯಸ್ಸಾದಂತೆ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು ಬಿಗಿಯಾಗುತ್ತದೆ. ತಣ್ಣನೆಯ ಬೆಳಗಿನಲ್ಲಿ, ಸಿಮೆಂಟ್ ನೆಲದ ಮೇಲೆ, ಬಂದೊಡನೆ ಆಟಕ್ಕಿಳಿದರೆ ಅದು ಹರಿಯುವ ಅಪಾಯವಿದೆ. ಮೊದಲು ಹತ್ತು ನಿಮಿಷ ಮೈ ಬೆಚ್ಚಗೆ ಮಾಡಿಕೊಳ್ಳಿ, ಡಬಲ್ಸ್ ಮಾತ್ರ ಆಡಿ, ತಲೆಯ ಮೇಲಿಂದ ಹಿಂದಕ್ಕೆ ಹೋದ ಷಟಲ್‌ಗಾಗಿ ಹಿಮ್ಮುಖವಾಗಿ ಓಡಬೇಡಿ. ಆ ಒಂದು ಪಾಯಿಂಟ್ ಬಿಟ್ಟುಕೊಡುವುದು ಎಷ್ಟು ಕಷ್ಟವೆಂಬುದು ನನಗೂ ಗೊತ್ತಿದೆ. ಷಟಲ್‌ನ ಮೂರು ದಿನಗಳನ್ನು ಎರಡಕ್ಕೆ ಇಳಿಸಿ, ಬೆಟ್ಟಕ್ಕೂ ಆಟಕ್ಕೂ ನಡುವೆ ಒಂದು ದಿನ ಬಿಡುವಂತೆ ನೋಡಿಕೊಂಡರೆ ಸೈಕಲ್ಲಿಗೂ ಜಾಗ ಸಿಗುತ್ತದೆ.

ನಿಮ್ಮ ಮಾತ್ರೆಗಳ ಹೆಸರನ್ನು ನೀವು ಬರೆದಿಲ್ಲ. ರಕ್ತದೊತ್ತಡಕ್ಕೆ ಅಟೆನೊಲಾಲ್ ಅಥವಾ ಮೆಟೊಪ್ರೊಲಾಲ್ ಇದ್ದರೆ ಅವು ನಾಡಿಬಡಿತವನ್ನು ತಗ್ಗಿಸುವುದರಿಂದ ಕೈಗಡಿಯಾರದ ಅಂಕಿಯನ್ನು ನಂಬಿ ಶ್ರಮವನ್ನು ಅಳೆಯಬೇಡಿ. ಮಾತನಾಡಲು ಸಾಧ್ಯವಾಗಿ ಹಾಡಲು ಸಾಧ್ಯವಾಗದಷ್ಟು ಏದುಸಿರು ಸರಿಯಾದ ಮಟ್ಟ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್‌ನಂಥ ಮಾತ್ರೆ ಇದ್ದರೆ ಬೆಟ್ಟ ಹತ್ತುವಾಗ ಸಕ್ಕರೆ ಅಂಶ ಕುಸಿಯಬಹುದು. ಬರಿಹೊಟ್ಟೆಯಲ್ಲಿ ಹೋಗಬೇಡಿ, ಜೇಬಿನಲ್ಲಿ ಗ್ಲೂಕೋಸ್ ಪುಡಿ ಇರಲಿ, ಮಾತ್ರೆಯ ಪ್ರಮಾಣವನ್ನು ವೈದ್ಯರನ್ನು ಕೇಳದೆ ಬದಲಿಸಬೇಡಿ. ಶ್ರಮವಾದಾಗ ಎದೆ ಬಿಗಿದರೆ, ದವಡೆ ಅಥವಾ ತೋಳಿಗೆ ನೋವು ಹರಿದರೆ, ಕಣ್ಣು ಕತ್ತಲಿಟ್ಟರೆ ಅಲ್ಲಿಯೇ ನಿಲ್ಲಿಸಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮಂಡಿ ಊದಿಕೊಂಡರೆ, ಮಡಿಚಿದಲ್ಲೇ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದಂತಾದರೆ ಅಥವಾ ರಾತ್ರಿ ನಿದ್ದೆ ಕೆಡಿಸಿದರೆ ಆರು ವಾರ ಕಾಯದೆ ಮೂಳೆ ವೈದ್ಯರನ್ನು ಕಾಣಿರಿ. ಹೋಗುವಾಗ ನೀವು ಸೈಕಲ್ ತುಳಿಯುವುದನ್ನು ಪಕ್ಕದಿಂದ ಮೊಬೈಲಿನಲ್ಲಿ ಯಾರಾದರೂ ಚಿತ್ರಿಸಿಕೊಟ್ಟರೆ ಅದನ್ನೂ ತೋರಿಸಿ.