ಆ ಗಾಣದೆತ್ತನ್ನು ಬಿಚ್ಚಿ

ನಮಸ್ಕಾರ. ಉಪಗ್ರಹಗಳ ಶಕ್ತಿಯ ಲೆಕ್ಕದ ಬಗ್ಗೆ ನೀವು ಕಳಿಸಿದ ಲೇಖನ ಎರಡು ಸಲ ಓದಿದೆ. ಭಾಷೆ ಚೆನ್ನಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡು ವಾಕ್ಯ ನನ್ನ ಮಧ್ಯಾಹ್ನದ ನಿದ್ದೆ ಕೆಡಿಸಿದವು.

ಒಂದು: "ಭೂಮಿಯ ಗುರುತ್ವಾಕರ್ಷಣ ಶಕ್ತಿ ಗಾಣದೆತ್ತಿನಂತೆ ಹಗಲಿರುಳು ದುಡಿದು ಉಪಗ್ರಹವನ್ನು ಸುತ್ತಿಸುತ್ತದೆ." ಅದು ಶಕ್ತಿ ಅಲ್ಲ, ಬಲ. ಮಾತಿನಲ್ಲಿ ಎಲ್ಲರೂ ಶಕ್ತಿ ಅಂತಲೇ ಅನ್ನುತ್ತಾರೆ, ಸರಿ. ಶಕ್ತಿಯ ಲೆಕ್ಕ ಹೇಳಲು ಕೂತವರು ಅನ್ನಬಾರದು. ಇನ್ನು ದುಡಿಮೆ. ಎತ್ತು ತಾನು ನಡೆಯುವ ದಿಕ್ಕಿಗೇ ಎಳೆಯುತ್ತದೆ, ಅದಕ್ಕೇ ಸುಸ್ತಾಗುತ್ತದೆ. ದುಂಡನೆಯ ಕಕ್ಷೆಯಲ್ಲಿ ಉಪಗ್ರಹ ಓಡುವುದು ಒಂದು ಕಡೆ, ಭೂಮಿ ಎಳೆಯುವುದು ಅದಕ್ಕೆ ಲಂಬವಾಗಿ. ದಾರಿ ಬಾಗುತ್ತದೆ ಅಷ್ಟೇ, ಓಟ ಹೆಚ್ಚುವುದಿಲ್ಲ, ತಗ್ಗುವುದೂ ಇಲ್ಲ. ಭೌತಶಾಸ್ತ್ರದ ಲೆಕ್ಕದಲ್ಲಿ ಭೂಮಿ ಮಾಡಿದ ಕೆಲಸ ಸೊನ್ನೆ! ಮೊಟ್ಟೆಯಾಕಾರದ ಕಕ್ಷೆಯ ಕತೆ ಬೇರೆ. ಚಂದ್ರಯಾನ-3 ಮೊದಲು ಸೇರಿದ ಕಕ್ಷೆ ಭೂಮಿಯಿಂದ 170 ಕಿ.ಮೀ. ಹತ್ತಿರ, 36,500 ಕಿ.ಮೀ. ದೂರ. ಹತ್ತಿರ ಬಂದಾಗ ಸೆಕೆಂಡಿಗೆ ಸುಮಾರು 10 ಕಿ.ಮೀ. ವೇಗ, ದೂರದಲ್ಲಿ ಬರೀ ಒಂದೂವರೆ. ಇಳಿಯುವಾಗ ಭೂಮಿ ಕೊಟ್ಟದ್ದನ್ನು ಏರುವಾಗ ಪೂರಾ ವಾಪಸ್ ತಗೊಳ್ಳುತ್ತದೆ. ಒಂದು ಸುತ್ತು ಮುಗಿದಾಗ ಮತ್ತೆ ಸೊನ್ನೆಯೇ.

ಎರಡು: "ಗಾಳಿಯ ತಡೆಯಿಂದ ವೇಗ ಕುಗ್ಗುತ್ತಾ ಉಪಗ್ರಹ ಕೆಳಗಿಳಿಯುತ್ತದೆ." ಇದಕ್ಕೆ ಬೈಯುವ ಹಕ್ಕು ನನಗಿಲ್ಲ. 1992ರಲ್ಲಿ ಆರ್ಯಭಟ ಉಪಗ್ರಹ ಉರಿದುಹೋದಾಗ ನಾನು ಪತ್ರಿಕೆಯೊಂದರಲ್ಲಿ ಹೊಸ ಹುಡುಗ. "ವೇಗ ಕಳಕೊಂಡ ಆರ್ಯಭಟ" ಅಂತ ತಲೆಬರಹ ಕೊಟ್ಟಿದ್ದೆ. ಹಿರಿಯರೊಬ್ಬರು ಕನ್ನಡಕ ಏರಿಸಿ, "ಕಳಕೊಂಡಿತಾ? ಲೆಕ್ಕ ತೋರಿಸಯ್ಯ" ಅಂದರು. ಪ್ರೂಫಿನ ಹಾಳೆಯ ಹಿಂಬದಿಯಲ್ಲಿ ಗೀಚಿದೆ. 600 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಏಳೂವರೆ ಕಿ.ಮೀ. ಚಿಲ್ಲರೆ, 200ಕ್ಕೆ ಇಳಿದರೆ ಹತ್ತಿರ ಹತ್ತಿರ 7.8. ಜಾಸ್ತಿಯಾಗಿದೆ! ಮೂರು ಸಲ ತಾಳೆ ನೋಡಿದೆ. ನಿಧಾನವಾಗಿ ಇಳಿಯುವಾಗ ಎತ್ತರದಿಂದ ಎರಡು ರೂಪಾಯಿಯಷ್ಟು ಶಕ್ತಿ ಬಿಡುಗಡೆಯಾದರೆ ಒಂದು ಗಾಳಿಗೆ ಶಾಖವಾಗಿ ಹೋಗುತ್ತದೆ, ಇನ್ನೊಂದು ವೇಗಕ್ಕೆ ಸೇರುತ್ತದೆ. ಒಟ್ಟು ಶಕ್ತಿ ಕಡಿಮೆ, ಓಟ ಮಾತ್ರ ಹೆಚ್ಚು. ಕೊನೆಗೆ ದಟ್ಟ ಗಾಳಿಗೆ ಸಿಕ್ಕಾಗಲೇ ನಿಜವಾಗಿ ವೇಗ ಬೀಳುವುದು. ತಲೆಬರಹ ಬದಲಾಯಿತು, ಅವರು ಚಹಾ ಕೊಡಿಸಿದರು.

ಈ ವಿಚಿತ್ರವೇ ನಿಮ್ಮ ಲೇಖನದ ಜೀವ ಆಗಬೇಕಿತ್ತು, ನೀವು ಅದನ್ನೇ ಸುಮ್ನೆ ದಾಟಿಬಿಟ್ಟಿದ್ದೀರಿ. ಆ ಪ್ಯಾರಾ ಮತ್ತೆ ಬರೆದು ಕಳಿಸಿ, ಲೆಕ್ಕವನ್ನೂ ಜೊತೆಗಿಡಿ. ಎತ್ತನ್ನು ಮಾತ್ರ ಬಿಚ್ಚಿ ಕೊಟ್ಟಿಗೆಗೆ ಕಳಿಸಿಬಿಡಿ.