ಯಾಕೋಬ ಜೇಮ್ಸ್ ಆದದ್ದು ಹೇಗೆ?

ಪ್ರಶ್ನೆ: ಮಗುವಿಗೆ ಜೇಮ್ಸ್ ಎಂದು ಹೆಸರಿಡಬೇಕೆಂದಿದ್ದೇವೆ. ಅದಕ್ಕೆ ‘ಮೋಸಗಾರ’ ಎಂಬ ಅರ್ಥವಿದೆಯಂತೆ. ಇಂಗ್ಲೆಂಡಿನ ಜೇಮ್ಸ್ ದೊರೆ 1611ರ ಇಂಗ್ಲಿಷ್ ಬೈಬಲಿನಲ್ಲಿ ಯಾಕೋಬನ ಹೆಸರು ತೆಗೆಸಿ ತನ್ನ ಹೆಸರು ಹಾಕಿಸಿದನಂತೆ. ನಿಜವೇ?

ಉತ್ತರ: ದೊರೆಯ ಕತೆ ಶುದ್ಧ ಸುಳ್ಳು. ಅನುವಾದಕ ಟಿಂಡೇಲ್ 1526ರಲ್ಲಿ ಅಚ್ಚು ಹಾಕಿಸಿದ ಇಂಗ್ಲಿಷ್ ಹೊಸ ಒಡಂಬಡಿಕೆಯಲ್ಲೇ ಜೇಮ್ಸ್ ಇದ್ದಾನೆ. ಅದಕ್ಕೂ ಹಿಂದೆ, 14ನೇ ಶತಮಾನದ ಇಂಗ್ಲಿಷ್ ಅನುವಾದವಾದ ವಿಕ್ಲಿಫ್ ಬೈಬಲಿನಲ್ಲೂ ಇದ್ದಾನೆ. ಆ ದೊರೆ ಹುಟ್ಟಿದ್ದೇ 1566ರಲ್ಲಿ!

ಎರಡು ಹೆಸರುಗಳ ಬೇರು ಒಂದೇ, ಹೀಬ್ರೂವಿನ ಯಾಕೋವ್. ಕವಲೊಡೆದದ್ದು ಗ್ರೀಕಿನಲ್ಲಿ. ಮತ್ತಾಯ 1:2ರಲ್ಲಿ ಇಸಾಕನ ಮಗನನ್ನು ‘ಇಯಾಕೋಬ್’ ಎಂದು ಹೀಬ್ರೂ ರೂಪದಲ್ಲೇ ಉಳಿಸಿ, 4:21ರಲ್ಲಿ ಯೇಸುವಿನ ಶಿಷ್ಯನಾದ, ಜೆಬೆದಾಯನ ಮಗನಿಗೆ ಗ್ರೀಕ್ ವಿಭಕ್ತಿ ಹತ್ತುವಂತೆ ‘ಇಯಾಕೋಬೋಸ್’ ಎಂದರು. ಇದು ಲ್ಯಾಟಿನ್‌ನಲ್ಲಿ ಇಯಾಕೋಬುಸ್ ಆಯಿತು. ಆಡುಮಾತಿನಲ್ಲಿ ‘ಬ’ಕಾರ ‘ಮ’ಕಾರಕ್ಕೆ ತಿರುಗಿ ಇಯಾಕೋಮುಸ್ ಎಂಬ ರೂಪವೂ ಹುಟ್ಟಿತು. ಇಟಲಿಯ ಜಾಕೊಮೊ, ಸ್ಪೇನಿನ ಹೈಮೆ ಈ ‘ಮ’ಕಾರದ ಕವಲಿನವರು. ಹಳೆಯ ಫ್ರೆಂಚಿನಲ್ಲಿ ನಡುವಿನ ‘ಕೋ’ ಸವೆದುಹೋಗಿ ಉಳಿದದ್ದೇ ಜೇಮ್ಸ್. ಇಂಗ್ಲಿಷಿಗೆ ಅಲ್ಲಿಂದ ಬಂತು. ಫ್ರೆಂಚಿನ ಜಾಕ್ ಮಾತ್ರ ‘ಬ’ಕಾರದ ಕವಲಿನದು. ಸ್ಪೇನಿನಲ್ಲಿ ಸಂತ ಇಯಾಗೊ ಎಂಬುದು ಬೆಸೆದುಕೊಂಡು ಸ್ಯಾಂಟಿಯಾಗೊ ಆಯಿತು. ಕನ್ನಡ ಬೈಬಲ್ ಎಲ್ಲರನ್ನೂ ಯಾಕೋಬ ಎಂದೇ ಕರೆಯುವುದರಿಂದ ನಮಗೆ ಈ ಕವಲು ಕಾಣುವುದಿಲ್ಲ.

ಇನ್ನು ಅರ್ಥ. ಆದಿಕಾಂಡ 25:26ರಲ್ಲಿ ಕೂಸು ಯಾಕೋಬ ಅಣ್ಣ ಏಸಾವನ ಹಿಮ್ಮಡಿ ಹಿಡಿದುಕೊಂಡೇ ಹುಟ್ಟುತ್ತದೆ. ಹಿಮ್ಮಡಿಗೆ ಹೀಬ್ರೂವಿನಲ್ಲಿ ‘ಆಕೇವ್’; ಯಾಕೋವ್ ಎಂಬ ಹೆಸರನ್ನು ಅಲ್ಲಿ ಅದಕ್ಕೇ ಜೋಡಿಸಿದೆ. ‘ಮೋಸ’ ಬರುವುದು 27:36ರಲ್ಲಿ. ಚೊಚ್ಚಲತನದ ಹಕ್ಕನ್ನೂ ಆಶೀರ್ವಾದವನ್ನೂ ಕಳೆದುಕೊಂಡ ಏಸಾವ, ತಮ್ಮನ ಹೆಸರನ್ನೇ ಹಿಡಿದು ಹಂಗಿಸುವ ಮಾತದು. ಸಿಟ್ಟಿನಲ್ಲಿ ಆಡಿದ ಶ್ಲೇಷೆಯನ್ನು ನಿಘಂಟಿನ ಅರ್ಥವೆಂದು ಹಿಡಿಯಬೇಕಿಲ್ಲ. ‘ದೇವರು ಕಾಪಾಡಲಿ’ ಎಂಬರ್ಥದ ಯಾಕುಬ್-ಏಲ್ ಎಂಬ ಹೆಸರೇ ಮೊಟಕಾಗಿ ಯಾಕೋಬ ಆಗಿರಬೇಕೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಇದೇ ಮಾದರಿಯ ಯಾಕುಬ್-ಹರ್ ಎಂಬ ಹೆಸರು ಈಜಿಪ್ಟನ್ನು ಆಳಿದ ಪಶ್ಚಿಮ ಏಷ್ಯಾ ಮೂಲದ ಹಿಕ್ಸೋಸ್ ದೊರೆಗಳ ಕಾಲದ, ಜೀರುಂಡೆ ಆಕಾರದ ಮುದ್ರೆಗಳ ಮೇಲೆ ಕೆತ್ತಿದೆ. ನಮಗೂ ಈ ವಾದವೇ ಒಪ್ಪಿತ.

ಹೆಸರಿಡುವ ಮುನ್ನ ಯಾವ ಯಾಕೋಬ ಎಂಬುದನ್ನು ತೀರ್ಮಾನಿಸಿಕೊಳ್ಳಿ. ಜೆಬೆದಾಯನ ಮಗನನ್ನು ಹೆರೋದನು ಕತ್ತಿಯಿಂದ ಕೊಲ್ಲಿಸಿದ (ಅಪೊಸ್ತಲರ ಕೃತ್ಯಗಳು 12:2). ರೋಮನ್ ಕ್ಯಾಥೋಲಿಕರಲ್ಲಿ ಅವನ ಹಬ್ಬ ಜುಲೈ 25. ಅಲ್ಫಾಯನ ಮಗ ಯಾಕೋಬ ಬೇರೆ, ಅವನೂ ಯೇಸುವಿನ ಶಿಷ್ಯ; ಅವನ ಹಬ್ಬ ಮೇ 3. ಜೆರುಸಲೇಮಿನ ಸಭೆಗೆ ಹಿರಿಯನಾಗಿದ್ದ ‘ಕರ್ತನ (ಯೇಸುವಿನ) ಸಹೋದರ’ ಯಾಕೋಬನನ್ನು ಪಾಶ್ಚಾತ್ಯ ಪರಂಪರೆ ಅಲ್ಫಾಯನ ಮಗನೊಂದಿಗೆ ಒಂದು ಮಾಡಿದರೆ, ಪೌರಸ್ತ್ಯ ಸಭೆಗಳು ಬೇರೆಯೆಂದೇ ಎಣಿಸುತ್ತವೆ.

ಹಳೆಯ ಲ್ಯಾಟಿನ್ ದೀಕ್ಷಾಸ್ನಾನದ ದಾಖಲೆಗಳಲ್ಲಿ ಹಿರಿಯರನ್ನು ಹುಡುಕುವವರಿಗೂ ಒಂದು ಮಾತು: ಅಲ್ಲಿ ಜೇಮ್ಸ್ ಎಂದು ಹುಡುಕಿದರೆ ಸಿಗಲಾರದು. ಮಗುವಿನ ಹೆಸರಿದ್ದಲ್ಲಿ ‘ಯಾಕೋಬುಸ್’ ಅಥವಾ ‘ಯಾಕೋಬುಮ್’ ಎಂದೂ ತಂದೆಯ ಹೆಸರಿದ್ದಲ್ಲಿ ಷಷ್ಠಿ ವಿಭಕ್ತಿಯ ‘ಯಾಕೋಬಿ’ ಎಂದೂ ಬರೆದಿರುತ್ತದೆ.