ಹರಿಹರದಲ್ಲಿ ವಯಸ್ಸಾದ ಅಪ್ಪ-ಅಮ್ಮ ಇಬ್ಬರೇ ಇದ್ದಾರೆ, ನಾವು ಬೆಂಗಳೂರಲ್ಲಿ. ತುರ್ತಿಗೆ ಏನೇನು ಸಿದ್ಧ ಮಾಡಿಡಬೇಕು?

ಮೊದಲು ಬೀಗದ ಕೀ. ಒಂದು ಪಕ್ಕದ ಮನೆಯವರ ಹತ್ತಿರ ಇರಲಿ. ರಾತ್ರಿ ಒಳಗಿಂದ ಚಿಲಕ ಹಾಕಿಕೊಂಡರೆ ಆ ಕೀ ಇದ್ದೂ ಉಪಯೋಗವಿಲ್ಲ, ಹೊರಗಿಂದಲೂ ತೆಗೆಯೋಕೆ ಬರುವ ಲಾಕ್ ಹಾಕಿಸಿ.

ನಂಬರ್‌ಗಳನ್ನು ಮೊಬೈಲಲ್ಲಿ ಸೇವ್ ಮಾಡಿದರೆ ಸಾಲದು. ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ: ಯಾವುದಕ್ಕೇ ಆದರೂ 112, ಆಂಬುಲೆನ್ಸ್‌ಗೆ 108, ಗ್ಯಾಸ್ ಸೋರಿದರೆ 1906, ಕರೆಂಟ್ ತಂತಿ ಹರಿದುಬಿದ್ದರೆ ಬೆಸ್ಕಾಂನ 1912. ಕೆಳಗೆ ಮನೆಯ ಪೂರ್ತಿ ವಿಳಾಸವನ್ನೂ ಬರೆಯಿರಿ. ಗಾಬರಿಯಲ್ಲಿ ಎಷ್ಟನೇ ಕ್ರಾಸ್ ಅನ್ನೋದೇ ಬಾಯಿಗೆ ಬರಲ್ಲ.

ಗ್ಯಾಸ್ ವಾಸನೆ ಬಂದರೆ ಲೈಟ್ ಸ್ವಿಚ್ ಹಾಕಲೂಬಾರದು, ಆರಿಸಲೂಬಾರದು; ಒಂದು ಕಿಡಿ ಸಾಕು. ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ-ಬಾಗಿಲು ತೆಗೆದು, ಹೊರಗೆ ಬಂದು ಫೋನ್ ಮಾಡಬೇಕು. ಬಾಯಲ್ಲಿ ಹೇಳಿದರೆ ಮರೆಯುತ್ತಾರೆ, ಅಮ್ಮನ ಕೈಲೇ ಒಮ್ಮೆ ರೆಗ್ಯುಲೇಟರ್ ತಿರುಗಿಸಿ ನೋಡಿಸಿ.

ಒಂದು ವಾರಕ್ಕಾಗುವಷ್ಟು ಬಿಪಿ, ಶುಗರ್ ಮಾತ್ರೆ, ಡಾಕ್ಟರ್ ಚೀಟಿ, ಆಧಾರ್ ಜೆರಾಕ್ಸ್, ಟಾರ್ಚ್, ಸ್ವಲ್ಪ ನಗದು ಎಲ್ಲಾ ಒಂದೇ ಚೀಲದಲ್ಲಿ. ಮನೆ ಹೊಳೆದಂಡೆಗೆ ಹತ್ತಿರವಿದ್ದರೆ ಜುಲೈ, ಆಗಸ್ಟ್‌ನಲ್ಲಿ ಅದು ಬಾಗಿಲ ಪಕ್ಕದಲ್ಲೇ ಇರಲಿ. ಹರಿಹರದಲ್ಲಿ ಬಿಸಿಲಿದ್ದರೂ ಶಿವಮೊಗ್ಗ, ತೀರ್ಥಹಳ್ಳಿ ಕಡೆ ಜೋರು ಮಳೆಯಾದರೆ ತುಂಗಭದ್ರೆ ಏರುತ್ತಾಳೆ.